ಕಳಿಸಿದ್ದೋ, ತೋರಿಸಿದ್ದೋ?

ಇಮೇಲ್‌ನಲ್ಲಿ ಎಷ್ಟು ದೊಡ್ಡ ಫೈಲ್ ಕಳಿಸಬಹುದು ಎಂದು ಯಾರನ್ನು ಕೇಳಿದರೂ 25 ಎಂಬಿ ಎನ್ನುತ್ತಾರೆ. ಅದು ಜಿಮೇಲ್ ಎಳೆದ ಗೆರೆ. ಇಮೇಲ್ ಓಡಾಟಕ್ಕೆ ಆಧಾರವಾದ ಎಸ್‌ಎಂಟಿಪಿ ನಿಯಮಾವಳಿಯಲ್ಲಿ ಹುಡುಕಿದರೆ ಇಂಥ ಮೇಲ್ಮಿತಿ ಸಿಗುವುದಿಲ್ಲ. ಅದರ 2008ರ ಪರಿಷ್ಕೃತ ಆವೃತ್ತಿ ಹೇಳುವುದು ತದ್ವಿರುದ್ಧವಾದ ಮಾತು: ಸರ್ವರ್ ಯಾರದ್ದೇ ಇರಲಿ, 64 ಕೆಬಿಯಷ್ಟು ಪತ್ರವನ್ನಾದರೂ ತೆಗೆದುಕೊಳ್ಳಲೇಬೇಕು. ಗರಿಷ್ಠ ಎಷ್ಟೆಂಬುದು ಆಯಾ ಸರ್ವರ್ ನಡೆಸುವವರ ಮರ್ಜಿ. ಜಿಮೇಲ್ 2004ರಲ್ಲಿ ಶುರುವಾದಾಗ 10 ಎಂಬಿ ಇತ್ತು, 2007ರಲ್ಲಿ 20 ಆಯಿತು, 2009ರಲ್ಲಿ 25. ಅಲ್ಲಿಂದೀಚೆಗೆ ಮೊಬೈಲಿನಲ್ಲಿ ತೆಗೆದ ಒಂದು ನಿಮಿಷದ ವಿಡಿಯೋ ನೂರು ಎಂಬಿ ದಾಟುವುದು ಮಾಮೂಲಾಗಿದೆ, ಊರೂರಿಗೆ ಫೈಬರ್ ಬಂದಿದೆ. ಉಚಿತ ಖಾತೆಯ ಗೆರೆ ಮಾತ್ರ ಇದ್ದಲ್ಲೇ ಇದೆ.

ಗೆರೆ ದಾಟಿದ ಫೈಲ್ ಏನಾಗುತ್ತದೆ? ಜಿಮೇಲ್ ಅದನ್ನು ತಾನಾಗಿಯೇ ಗೂಗಲ್ ಡ್ರೈವ್‌ಗೆ ಏರಿಸಿ, ಪತ್ರದೊಳಗೆ ಒಂದು ಲಿಂಕ್ ಇಡುತ್ತದೆ. ಕಳಿಸಿದವರಿಗೆ ಕಳಿಸಿದ ಸಮಾಧಾನ, ಪಡೆದವರಿಗೆ ಪಡೆದ ಸಮಾಧಾನ. ಆದರೆ ಪಡೆದವರ ಕೈಗೆ ಬಂದದ್ದು ಫೈಲ್ ಅಲ್ಲ, ಅದನ್ನು ನೋಡುವ ಅನುಮತಿ. ಬುತ್ತಿ ಕಟ್ಟಿಕೊಡುವುದಕ್ಕೂ 'ಹಸಿವಾದಾಗ ನಮ್ಮನೆಗೆ ಬನ್ನಿ' ಎನ್ನುವುದಕ್ಕೂ ಇರುವಷ್ಟು ಅಂತರ ಇಲ್ಲಿದೆ. ಕರೆದವರು ಒಳ್ಳೆಯವರೇ ಇರಬಹುದು. ಹೋದ ದಿನ ಬಾಗಿಲಿಗೆ ಬೀಗ ಬಿದ್ದಿದ್ದರೆ ಹಸಿವು ನಮ್ಮದು. ಒಂದು ಕಾಗದವನ್ನು ಅಟ್ಯಾಚ್ ಮಾಡಬೇಕೋ, ಲಿಂಕ್ ಕೊಡಬೇಕೋ ಎಂಬುದನ್ನು ನಾವು ಈವರೆಗೆ ಫೈಲಿನ ತೂಕ ನೋಡಿ ತೀರ್ಮಾನಿಸುತ್ತ ಬಂದಿದ್ದೇವೆ. ನಾಳೆ ಆ ಕಾಗದ ಯಾರಿಗೆ ಬೇಕಾಗುತ್ತದೆ, ಯಾರ ವಿರುದ್ಧ ಬೇಕಾಗುತ್ತದೆ ಎಂಬುದನ್ನು ನೋಡಿ ತೀರ್ಮಾನಿಸಬೇಕು ಎನ್ನುವುದು ನನ್ನ ವಾದ.

ಮಿತಿ ಹಾಕಿದವರ ಕಷ್ಟ ಸುಳ್ಳೇನಲ್ಲ. ಜಾನ್ ಪೋಸ್ಟೆಲ್ 1982ರಲ್ಲಿ ಎಸ್‌ಎಂಟಿಪಿ ನಿಯಮಗಳನ್ನು ಬರೆದಾಗ ಇಮೇಲ್ ಎಂದರೆ ಬರೀ ಇಂಗ್ಲಿಷ್ ಅಕ್ಷರ. ಚಿತ್ರ, ಧ್ವನಿಗಳಿರಲಿ, ಕನ್ನಡದ ಒಂದು 'ಅ' ಕೂಡ ಅದರಲ್ಲಿ ನೇರವಾಗಿ ಹೋಗುವಂತಿರಲಿಲ್ಲ. ಹತ್ತು ವರ್ಷದ ನಂತರ ನಥಾನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ ಸೇರಿ ಮೈಮ್ ಎಂಬ ಪದ್ಧತಿ ರೂಪಿಸಿದರು. 1992ರ ಮಾರ್ಚ್ 11ರಂದು ಬೋರೆನ್‌ಸ್ಟೀನ್ ಕಳಿಸಿದ ಮೊದಲ ಅಟ್ಯಾಚ್‌ಮೆಂಟ್‌ನಲ್ಲಿ ಇದ್ದದ್ದು ಅವರ ನಾಲ್ವರ ಹಾಡುಗಾರರ ತಂಡದ ಒಂದು ಫೋಟೋ, ಆ ತಂಡ ಹಾಡಿದ ಒಂದು ಹಾಡು. ಅವರು ಮಾಡಿದ ಉಪಾಯ ಸರಳ: ಯಾವ ಫೈಲ್ ಆದರೂ ಸರಿ, ಅದನ್ನು ಅರವತ್ತನಾಲ್ಕು ಚಿಹ್ನೆಗಳ ಒಂದು ವರ್ಣಮಾಲೆಗೆ ಇಳಿಸಿ, ಅಕ್ಷರದ ವೇಷ ತೊಡಿಸಿ ದಾಟಿಸುವುದು.

ಆ ವೇಷವನ್ನು ಇವತ್ತೂ ನೋಡಬಹುದು. ಪಿಡಿಎಫ್ ಇರುವ ಯಾವುದಾದರೂ ಪತ್ರವನ್ನು ತೆರೆದು 'ಮೂಲ ತೋರಿಸು' ಎಂಬ ಆಯ್ಕೆಯನ್ನು ಒತ್ತಿ. ಕೆಳಗೆ ಪುಟಗಟ್ಟಲೆ ಅರ್ಥವಿಲ್ಲದ ಅಕ್ಷರರಾಶಿ. ಮದುವೆಯ ಕರೆಯೋಲೆಯಾಗಲಿ, ಕೋರ್ಟಿನ ನೋಟಿಸಾಗಲಿ, ಪಿಡಿಎಫ್ ಎಂದಮೇಲೆ ಆ ರಾಶಿ ಜೆ, ವಿ, ಬಿ, ಇ, ಆರ್ ಎಂಬ ಅದೇ ಐದು ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುತ್ತದೆ, ಏಕೆಂದರೆ ಪ್ರತಿ ಪಿಡಿಎಫ್‌ನ ತಲೆಬರಹವೂ ಒಂದೇ. ಮೂರು ಬೈಟ್ ಇದ್ದದ್ದು ಇಲ್ಲಿ ನಾಲ್ಕು ಅಕ್ಷರವಾಗುತ್ತದೆ. ಸಾಲು ಮುರಿಯುವ ಗುರುತುಗಳನ್ನೂ ಸೇರಿಸಿದರೆ ಫೈಲ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಊದುತ್ತದೆ. ಇಡೀ ಪತ್ರದ ಮಿತಿ 25 ಎಂಬಿ ಎಂದು ಇಟ್ಟುಕೊಂಡ ಸರ್ವರ್‌ನಲ್ಲಿ 18 ಎಂಬಿಯ ಫೈಲ್ ಹೇಗೋ ತೂರಿಕೊಂಡೀತು, 20ರದ್ದು ತೂರುವುದಿಲ್ಲ. 'ನನ್ನ ಫೈಲ್ 20 ಎಂಬಿ ಮಾತ್ರ, ಆದರೂ ವಾಪಸ್ ಬಂತು' ಎಂದು ಆಫೀಸುಗಳಲ್ಲಿ ಕೇಳಿಬರುವ ಗೊಣಗಾಟದ ಹಿಂದಿನ ಲೆಕ್ಕ ಇದು. ಇನ್ನೊಂದು ಲೆಕ್ಕವೂ ಇದೆ. 10 ಎಂಬಿಯ ಒಂದು ವರದಿಯನ್ನು ನೂರು ಜನಕ್ಕೆ ಕಳಿಸಿದರೆ ನೂರು ಅಂಚೆಪೆಟ್ಟಿಗೆಗಳಲ್ಲಿ ಒಟ್ಟು ಒಂದು ಜಿಬಿ. ಅದರಲ್ಲಿ ತೊಂಬತ್ತು ಜನ ಅದನ್ನು ತೆರೆದೂ ನೋಡಿರುವುದಿಲ್ಲ. ಸರ್ವರ್ ನೋಡಿಕೊಳ್ಳುವವರು ಮಿತಿ ಹಾಕದೆ ಇನ್ನೇನು ಮಾಡಬೇಕಿತ್ತು?

ಹಾಗಾಗಿ ದೊಡ್ಡ ಫೈಲುಗಳ ಬಗ್ಗೆ ನನ್ನ ತಕರಾರಿಲ್ಲ. ದಾವಣಗೆರೆಯ ಫೋಟೋಗ್ರಾಫರ್ ಮದುವೆಯ ಆಲ್ಬಮ್ಮನ್ನು ಡ್ರೈವ್ ಲಿಂಕ್‌ನಲ್ಲಿ ಕೊಟ್ಟು, ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪ ಚಿಕ್ಕಮ್ಮ ಅದನ್ನು ಅದೇ ರಾತ್ರಿ ನೋಡುತ್ತಾರೆಂದರೆ ಒಳ್ಳೆಯದೇ. ಸಮಸ್ಯೆ ಬೇರೆ ಕಡೆ ಇದೆ. ಬಾಡಿಗೆ ಕರಾರು, ನೇಮಕಾತಿ ಪತ್ರ, ಸಂಬಳದ ಚೀಟಿ, ವಿಮೆಯ ಪಾಲಿಸಿ, ರಕ್ತಪರೀಕ್ಷೆಯ ವರದಿ: ಬದುಕಿನಲ್ಲಿ ನಿಜವಾಗಿ ಬೇಕಾಗುವ ಕಾಗದಗಳೆಲ್ಲ ಕೆಲವು ನೂರು ಕೆಬಿಯೊಳಗೆ ಮುಗಿಯುತ್ತವೆ. ಜಿಮೇಲ್‌ನ 2004ರ ಮಿತಿಗೂ ಅವು ದೊಡ್ಡ ಭಾರವಾಗುತ್ತಿರಲಿಲ್ಲ. ಅವು ಕೂಡ ಈಗ ಲಿಂಕ್ ಆಗಿ ಬರುತ್ತಿವೆ. 'ನಿಮ್ಮ ದಾಖಲೆ ಸಿದ್ಧವಾಗಿದೆ, ನೋಡಲು ಇಲ್ಲಿ ಒತ್ತಿ.' ಒತ್ತಿದರೆ ಲಾಗಿನ್, ಲಾಗಿನ್ ಆದರೆ ಓಟಿಪಿ, ಓಟಿಪಿ ಕೊಟ್ಟರೆ 'ಈ ಲಿಂಕಿನ ಅವಧಿ ಮುಗಿದಿದೆ'. ಗಾತ್ರದ ನೆಪ ಇಲ್ಲಿ ನಡೆಯುವುದಿಲ್ಲ. ದೊಡ್ಡ ಫೈಲಿಗಾಗಿ ಬಂದ ಅಭ್ಯಾಸ ಸಣ್ಣ ಫೈಲಿಗೂ ಹರಡಿತು, ಮತ್ತು ಅದು ಹರಡಿದ್ದರಿಂದ ಅನುಕೂಲವಾದದ್ದು ಕಳಿಸುವವರಿಗೆ.

ಎದುರು ದಿಕ್ಕಿನಿಂದ ನೋಡಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಬ್ಯಾಂಕ್ ನೇಮಕಾತಿ ನಡೆಸುವ ಐಬಿಪಿಎಸ್‌ಗೆ ಅರ್ಜಿ ಹಾಕುವವರು ಫೋಟೋವನ್ನು 20ರಿಂದ 50 ಕೆಬಿಯೊಳಗೆ, ಸಹಿಯನ್ನು 10ರಿಂದ 20 ಕೆಬಿಯೊಳಗೆ ಕುಗ್ಗಿಸಿ ಅಪ್‌ಲೋಡ್ ಮಾಡಬೇಕು. ಕೊನೆಯ ದಿನ ಊರಿನ ಸೈಬರ್ ಸೆಂಟರ್‌ಗಳಲ್ಲಿ ನಡೆಯುವ ಅರ್ಧ ಕೆಲಸ ಇದೇ. ಸಹಿಯ ಸ್ಕ್ಯಾನು 23 ಕೆಬಿ ಆಯಿತು, ಇನ್ನಷ್ಟು ಕತ್ತರಿಸು. 9 ಆಯಿತು, ಈಗ ದೊಡ್ಡದು ಮಾಡು. ಅಲ್ಲಿ ಯಾವ ಹುಡುಗನೂ 'ನನ್ನ ಫೋಟೋ ಡ್ರೈವ್‌ನಲ್ಲಿದೆ, ಲಿಂಕ್ ತಗೊಳ್ಳಿ ಸಾರ್' ಎಂದು ಹೇಳಲಾರ. ಹೇಳಿದರೆ ಅರ್ಜಿಯೇ ಇಲ್ಲ. ಬ್ಯಾಂಕು ಸಾಲ ಕೊಡುವಾಗಲೂ ಅಷ್ಟೆ, ಕಾಲೇಜು ಸೀಟು ಕೊಡುವಾಗಲೂ ಅಷ್ಟೆ. ಸಂಸ್ಥೆಗೆ ನಮ್ಮ ಕಾಗದ ಬೇಕಾದಾಗ ಪ್ರತಿ ಅದರ ಕೈಗೇ ಬರಬೇಕು, ಅದರ ಸರ್ವರ್‌ನಲ್ಲೇ ಕೂರಬೇಕು. ನಮಗೆ ಸಂಸ್ಥೆಯ ಕಾಗದ ಬೇಕಾದಾಗ ಮಾತ್ರ ಲಿಂಕು ಸಾಕು. ಪ್ರತಿಯ ಬೆಲೆ ಏನೆಂದು ಬಲವಿದ್ದವರಿಗೆ ಚೆನ್ನಾಗಿಯೇ ಗೊತ್ತಿದೆ.

ಲಿಂಕು ಸಾಯುವ ಬಗೆಗಳನ್ನು ಹೇಳುತ್ತ ಹೋದರೆ ಮುಗಿಯುವುದಿಲ್ಲ. 2012ರ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ಮೆಗಾಅಪ್‌ಲೋಡ್ ಎಂಬ ಫೈಲ್ ಹಂಚುವ ತಾಣವನ್ನು ಕೃತಿಸ್ವಾಮ್ಯ ಉಲ್ಲಂಘನೆಯ ಆರೋಪದ ಮೇಲೆ ಜಪ್ತಿ ಮಾಡಿತು. ಕದ್ದ ಸಿನಿಮಾಗಳ ಜೊತೆಗೆ, ತಮ್ಮದೇ ಫೈಲುಗಳನ್ನು ನಂಬಿ ಇಟ್ಟವರ ಗಂಟೂ ಹೋಯಿತು. ಓಹಾಯೋದಲ್ಲಿ ಶಾಲಾ ಕ್ರೀಡಾಕೂಟಗಳನ್ನು ಚಿತ್ರೀಕರಿಸಿ ಹೊಟ್ಟೆ ಹೊರೆಯುತ್ತಿದ್ದ ಒಬ್ಬರು ತಮ್ಮ ವಿಡಿಯೋಗಳಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಮೊಝಿಲ್ಲಾ ಸಂಸ್ಥೆ 2019ರಲ್ಲಿ ಸದುದ್ದೇಶದಿಂದಲೇ ಫೈರ್‌ಫಾಕ್ಸ್ ಸೆಂಡ್ ಎಂಬ ಫೈಲ್ ಕಳಿಸುವ ಸೇವೆ ತಂದಿತು. ವೈರಸ್ ಹಂಚುವವರು ಅದನ್ನು ಹಿಡಿದುಕೊಂಡರು, ಮರುವರ್ಷವೇ ಬಾಗಿಲು ಮುಚ್ಚಿತು. ನಮ್ಮಲ್ಲಿ 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್‌ನಿಂದಾಗಿ ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ, ದೂರಸಂಪರ್ಕ ಇಲಾಖೆ ವಿಟ್ರಾನ್ಸ್‌ಫರ್ ಎಂಬ ಫೈಲ್ ಕಳಿಸುವ ತಾಣವನ್ನು ತಡೆಹಿಡಿಯುವಂತೆ ಇಂಟರ್ನೆಟ್ ಕಂಪನಿಗಳಿಗೆ ಆದೇಶ ಕೊಟ್ಟಿತು. ಹೇಳಿದ ಕಾರಣ ರಾಷ್ಟ್ರೀಯ ಭದ್ರತೆ, ಸಾರ್ವಜನಿಕ ಹಿತ. ದಾರಿಯ ನಡುವೆ ಇದ್ದ ಫೈಲುಗಳ ಗತಿ ಏನೆಂದು ಯಾರೂ ಕೇಳಲಿಲ್ಲ.

ಇವೆಲ್ಲ ಸುದ್ದಿಯಾದ ಸಾವುಗಳು. ಸುದ್ದಿಯಾಗದೆ ಹೋಗುವವೇ ಹೆಚ್ಚು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸುವ ನಿಯಮ ಜಾರಿಗೆ ತಂದಿದೆ. ಅಂದರೆ ಒಬ್ಬರು ತೀರಿಕೊಂಡರೆ, ಅವರ ಖಾತೆಯನ್ನು ಯಾರೂ ತೆರೆಯದೆ ಬಿಟ್ಟರೆ, ಅವರು ಬದುಕಿದ್ದಾಗ ಹಂಚಿದ ಲಿಂಕುಗಳೆಲ್ಲವೂ ಸದ್ದಿಲ್ಲದೆ ಅವರ ಹಿಂದೆಯೇ ಹೋಗಬಹುದು. ಅವರು ಅಟ್ಯಾಚ್ ಮಾಡಿ ಕಳಿಸಿದ್ದು ಹಾಗೆ ಹೋಗುವುದಿಲ್ಲ, ನಮ್ಮ ಪೆಟ್ಟಿಗೆಯಲ್ಲೇ ಇರುತ್ತದೆ.

ಕನ್ನಡದ ಓದುಗರಿಗೆ ಇದರ ದೊಡ್ಡ ಅನುಭವವೇ ಆಗಿದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿ, ಬೆಂಗಳೂರಿನ ಐಐಎಸ್‌ಸಿಯ ಸರ್ವರಿನಲ್ಲೂ ಓದಲು ಸಿಗುತ್ತಿದ್ದವು. ಸಂಶೋಧನ ವಿದ್ಯಾರ್ಥಿಗಳು ಅಲ್ಲಿನ ಲಿಂಕುಗಳನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟರು, ಬ್ಲಾಗುಗಳಲ್ಲಿ ಬರೆದರು. ಕೃತಿಸ್ವಾಮ್ಯದ ತಕರಾರುಗಳ ನಡುವೆ ಆ ತಾಣ ನಿಂತುಹೋಯಿತು, ಆ ವಿಳಾಸಗಳೂ ಸತ್ತವು. ಅವುಗಳಲ್ಲಿ ಬಹಳಷ್ಟು ಪುಸ್ತಕಗಳು ಇವತ್ತಿಗೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತಿವೆ. ಹೇಗೆ? ತಾಣ ಮುಚ್ಚುವ ಮೊದಲೇ ಕೆಲವರು ಫೈಲುಗಳ ಪ್ರತಿ ಮಾಡಿಕೊಂಡಿದ್ದರು, ಅದರಿಂದ. ಲಿಂಕು ಕೂಡಿಟ್ಟವರ ಬಳಿ ಏನೂ ಉಳಿಯಲಿಲ್ಲ, ಡೌನ್‌ಲೋಡ್ ಮಾಡಿಕೊಂಡವರಿಂದ ಪುಸ್ತಕ ಉಳಿಯಿತು.

ಲಿಂಕು ಸತ್ತರೆ ಕನಿಷ್ಠ ಪಕ್ಷ ಸತ್ತಿದೆ ಎಂದು ಗೊತ್ತಾಗುತ್ತದೆ. ಬದುಕಿದ್ದು ಬದಲಾಗುವುದು ಅದಕ್ಕಿಂತ ಅಪಾಯ. ಜೂನ್‌ನಲ್ಲಿ ಕಳಿಸಿದ ಲಿಂಕು ತೆರೆದರೆ ಡಿಸೆಂಬರ್‌ನಲ್ಲೂ ಅದೇ ಹೆಸರಿನ ಫೈಲು ಬರುತ್ತದೆ, ಒಳಗಿನ ಆರನೇ ಷರತ್ತು ಮಾತ್ರ ಬೇರೆ. ಬದಲಾದದ್ದು ನಮಗೆ ತಿಳಿಯಬೇಕಾದರೆ ಹಳೆಯ ಪ್ರತಿ ಕೈಯಲ್ಲಿರಬೇಕು, ಅದು ಇಲ್ಲ. ಕಳಿಸಿದವರ ಖಾತೆಯಲ್ಲಿ ಆವೃತ್ತಿಗಳ ಇತಿಹಾಸ ಇರುತ್ತದೆ, ನಿಜ. ಆದರೆ ಅದನ್ನು ನೋಡುವ ಹಕ್ಕು ಬರೇ ಓದುವ ಅನುಮತಿ ಪಡೆದವರಿಗೆ ಇರುವುದಿಲ್ಲ.

ಕಾನೂನು ಈ ವ್ಯತ್ಯಾಸವನ್ನು ಗಮನಿಸಿಲ್ಲ ಎನ್ನುವಂತಿಲ್ಲ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಕಲಂ ವಿದ್ಯುನ್ಮಾನ ದಾಖಲೆಯನ್ನು ಯಾವಾಗ 'ಕಳಿಸಿದಂತೆ' ಎಂದು ವಿವರಿಸುತ್ತದೆ. ಬೇರೆ ಒಪ್ಪಂದ ಇಲ್ಲದಿದ್ದರೆ, ದಾಖಲೆಯು ಕಳಿಸಿದವರ ಹತೋಟಿಯಿಂದಾಚೆ ಇರುವ ಕಂಪ್ಯೂಟರ್ ವ್ಯವಸ್ಥೆಯನ್ನು ಹೊಕ್ಕಾಗ ಅದು ಕಳಿಸಿದಂತೆ. ಈ ಅಳತೆಗೋಲಿನಲ್ಲಿ ಡ್ರೈವ್ ಲಿಂಕನ್ನು ಇಟ್ಟು ನೋಡಿ. ಪತ್ರವೇನೋ ಹೊರಟಿತು. ದಾಖಲೆ? ಅದು ಕಳಿಸಿದವರ ಖಾತೆಯಲ್ಲೇ ಇದೆ, ಅವರು ತಿದ್ದಬಹುದು, ಅಳಿಸಬಹುದು, ನಮ್ಮ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು. ಅವರ ಹತೋಟಿ ತಪ್ಪಿದ ಕ್ಷಣ ಯಾವುದು? ನ್ಯಾಯಾಲಯಗಳು ಇದನ್ನು ಹೇಗೆ ಬಿಡಿಸುತ್ತವೆ ಎಂಬುದು ವಕೀಲರ ವಿಷಯ. ನನಗೆ ಕಾಣುವುದು ಇಷ್ಟು: ಈ ಕಲಂ ಬರೆದವರ ಕಣ್ಣ ಮುಂದೆ ಇದ್ದದ್ದು ಕೈಬಿಟ್ಟು ಹೋಗುವ ಕಾಗದ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಷ್ ಮೌಲ್ಯವನ್ನು ಕೇಳುತ್ತದೆ. ಹ್ಯಾಷ್ ಎಂದರೆ ಫೈಲಿನ ಬೆರಳಚ್ಚು, ಒಂದು ಅಲ್ಪವಿರಾಮ ಬದಲಾದರೂ ಅದು ಪೂರಾ ಬೇರೆಯಾಗುತ್ತದೆ. ಗೂಗಲ್ ಡಾಕ್‌ನಂಥ ದಿನವೂ ತಿದ್ದಿಸಿಕೊಳ್ಳುವ ಕಡತಕ್ಕೆ ಯಾವ ದಿನದ ಬೆರಳಚ್ಚು ತೆಗೆಯುವುದು?

ಅಮೆರಿಕದಲ್ಲಿ ಈ ಪ್ರಶ್ನೆ ಕೋರ್ಟಿಗೆ ಹೋಗಿದೆ. ತೂಕ ಇಳಿಸುವ ನೂಮ್ ಎಂಬ ಆ್ಯಪ್‌ನ ವಿರುದ್ಧ ಗ್ರಾಹಕರು ಹೂಡಿದ್ದ ದಾವೆಯಲ್ಲಿ, ಕಂಪನಿಯ ಒಳಗಿನ ಇಮೇಲ್‌ಗಳನ್ನು ಫಿರ್ಯಾದಿಗಳಿಗೆ ಕೊಡಬೇಕಾಗಿ ಬಂತು. ಆ ಇಮೇಲ್‌ಗಳ ತುಂಬ ಡ್ರೈವ್ ಲಿಂಕುಗಳು. ಲಿಂಕಿನ ಹಿಂದಿರುವ ಕಡತಗಳನ್ನೂ ಅಟ್ಯಾಚ್‌ಮೆಂಟ್ ಎಂದೇ ಪರಿಗಣಿಸಿ ಜೊತೆಯಲ್ಲೇ ಕೊಡಿಸಿ ಎಂದು ಫಿರ್ಯಾದಿಗಳು ಕೇಳಿದರು. ನ್ಯೂಯಾರ್ಕಿನ ನ್ಯಾಯಾಲಯ 2021ರಲ್ಲಿ ಅದನ್ನು ಒಪ್ಪಲಿಲ್ಲ. ಲಿಂಕು ಇದ್ದ ಮಾತ್ರಕ್ಕೆ ಅದು ಅಟ್ಯಾಚ್‌ಮೆಂಟ್ ಆಗಬೇಕಿಲ್ಲ ಎಂದಿತು. ಅಟ್ಯಾಚ್ ಮಾಡಿದ್ದರೆ ಪತ್ರದ ಜೊತೆಗೇ ಬಂದುಬಿಡುತ್ತಿದ್ದ ಕಾಗದಗಳನ್ನು, ಲಿಂಕು ಆಗಿದ್ದರಿಂದ ಬೇಕೆನಿಸಿದ್ದನ್ನು ಒಂದೊಂದಾಗಿ ಗುರುತಿಸಿ ಕೇಳಬೇಕಾಯಿತು.

ಇಷ್ಟು ಹೇಳಿದಮೇಲೆ ಎದುರುವಾದದ ಬಲವನ್ನೂ ಒಪ್ಪಬೇಕು, ಅದು ಸಣ್ಣದಲ್ಲ. 2022ರ ಫೆಬ್ರವರಿಯಲ್ಲಿ ಬ್ರಿಟನ್ನಿನ ರಕ್ಷಣಾ ಇಲಾಖೆಯ ಸಿಬ್ಬಂದಿಯೊಬ್ಬರು ಒಂದು ಸ್ಪ್ರೆಡ್‌ಶೀಟನ್ನು ಇಮೇಲ್‌ನಲ್ಲಿ ಕಳಿಸಿದರು. ಅದರಲ್ಲಿ ಸುಮಾರು 150 ಸಾಲುಗಳಿವೆ ಎಂದು ಅವರು ಭಾವಿಸಿದ್ದರು, ಮರೆಯಾಗಿದ್ದ ಸಾಲುಗಳೂ ಸೇರಿ ಇದ್ದದ್ದು 33,000ದಷ್ಟು. ತಾಲಿಬಾನಿನಿಂದ ತಪ್ಪಿಸಿಕೊಳ್ಳಲು ಬ್ರಿಟನ್ನಿನ ಆಶ್ರಯ ಕೇಳಿದ್ದ ಸುಮಾರು 19,000 ಅಫ್ಘನ್ನರ ವಿವರ ಹೀಗೆ ಹೊರಬಿತ್ತು. ಒಬ್ಬರಿಂದ ಒಬ್ಬರಿಗೆ ಸಾಗಿದ ಪ್ರತಿಯನ್ನು ಯಾವ ಸರ್ಕಾರವೂ ವಾಪಸ್ ಕರೆಸಲಾರದು. ಬ್ರಿಟನ್ ಕೊನೆಗೆ ಸುದ್ದಿಯನ್ನೇ ಮುಚ್ಚಿಡುವ ಕೋರ್ಟ್ ಆದೇಶ ತಂದಿತು, 2025ರ ಜುಲೈವರೆಗೆ ಅದು ಜಾರಿಯಲ್ಲಿತ್ತು. ಲಿಂಕು ಕಳಿಸಿದ್ದರೆ? ಒಂದು ಗುಂಡಿ ಒತ್ತಿ ಮುಚ್ಚಬಹುದಿತ್ತು ಎನ್ನುತ್ತಾರೆ ಲಿಂಕಿನ ಪರ ವಹಿಸುವವರು. ಹೌದು, ತಪ್ಪಾಗಿದೆ ಎಂದು ತಕ್ಷಣ ಗೊತ್ತಾಗಿದ್ದರೆ. ಇಲಾಖೆಗೆ ಅದು ಗೊತ್ತಾದದ್ದು 2023ರ ಆಗಸ್ಟ್‌ನಲ್ಲಿ, ಪಟ್ಟಿಯ ತುಣುಕು ಫೇಸ್‌ಬುಕ್‌ನಲ್ಲಿ ಕಾಣಿಸಿಕೊಂಡಮೇಲೆ. ಒಂದೂವರೆ ವರ್ಷ ತೆರೆದಿದ್ದ ಲಿಂಕನ್ನು ಎಷ್ಟು ಜನ ಡೌನ್‌ಲೋಡ್ ಮಾಡಿಕೊಂಡಿರುತ್ತಿದ್ದರು? ಆದರೂ ಇಂಥ ಪಟ್ಟಿ ಅಟ್ಯಾಚ್‌ಮೆಂಟ್ ಆಗಿ ಓಡಾಡಬಾರದಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಪಡೆಯುವವರ ಹಕ್ಕಿನ ಕಾಗದ ಅದಲ್ಲ. ಮೂರನೆಯವರ ಜೀವದ ವಿವರ ಅದು, ಪಡೆದವರಿಗೆ ಬರೇ ನೋಡಿ ಮುಗಿಸುವ ಕೆಲಸ.

ಹಾಗೆಂದು ಲಿಂಕೇ ಸುರಕ್ಷಿತ ಎಂದು ತಿಳಿದರೆ ಅದೂ ಮೋಸ. 'ಲಿಂಕ್ ಇರುವ ಯಾರಾದರೂ ನೋಡಬಹುದು' ಎಂಬ ಆಯ್ಕೆಯನ್ನು ನಮ್ಮಲ್ಲಿ ಹೆಚ್ಚಿನವರು ಒತ್ತುವುದು, 'ಅನುಮತಿ ಕೇಳಿ' ಎಂಬ ಪುಟದ ಕಾಟ ತಪ್ಪಲಿ ಎಂದು. ಆ ಕ್ಷಣದಿಂದ ಆ ಉದ್ದನೆಯ ವಿಳಾಸವೇ ಕೀಲಿಕೈ. ಯಾವ ವಾಟ್ಸಾಪ್ ಗುಂಪಿಗೆ ಹೋಯಿತೋ ಅಲ್ಲಿಗೆಲ್ಲ ಕೀಲಿಕೈಯೂ ಹೋಯಿತು. 2014ರಲ್ಲಿ ಡ್ರಾಪ್‌ಬಾಕ್ಸ್‌ನ ಇಂಥ ಲಿಂಕುಗಳು ಬ್ರೌಸರ್‌ನ ಸಾಮಾನ್ಯ ನಡವಳಿಕೆಯಿಂದಲೇ ಬೇರೆ ತಾಣಗಳಿಗೆ ಸೋರುತ್ತಿದ್ದುದು ಪತ್ತೆಯಾಯಿತು. ಜನರ ತೆರಿಗೆ ಕಾಗದಗಳು ಕೂಡ ಹೀಗೆ ಹೊರಗಿನವರ ಕಣ್ಣಿಗೆ ಬಿದ್ದಿದ್ದವು. ಡ್ರಾಪ್‌ಬಾಕ್ಸ್ ಹಳೆಯ ಲಿಂಕುಗಳನ್ನು ಒಟ್ಟಾಗಿ ನಿಲ್ಲಿಸಬೇಕಾಯಿತು.

ಎಲ್ಲರೂ ಸೇರಿ ತಿದ್ದುವ ಕರಡಿಗೆ ಲಿಂಕಿಗಿಂತ ಒಳ್ಳೆಯದು ಇನ್ನೊಂದಿಲ್ಲ ಎಂಬುದರ ಬಗ್ಗೆ ಜಗಳ ಬೇಡ. ವಿಶೇಷಾಂಕದ ಲೇಖನವೊಂದು 'ಫೈನಲ್', 'ಫೈನಲ್ 2', 'ನಿಜವಾದ ಫೈನಲ್' ಎಂಬ ಹೆಸರುಗಳಲ್ಲಿ ಸಂಪಾದಕರ ಪೆಟ್ಟಿಗೆಗೆ ಬಂದು, ಅದರಲ್ಲಿ ಒಂದು ನುಡಿ ಫಾಂಟಿನಲ್ಲೂ ಇನ್ನೊಂದು ಯೂನಿಕೋಡ್‌ನಲ್ಲೂ ಇದ್ದು, ಕೊನೆಗೆ ಮೊದಲ ಕರಡೇ ಅಚ್ಚಾದ ಪ್ರಸಂಗಗಳು ಪತ್ರಿಕಾ ಕಚೇರಿಯಲ್ಲಿ ಕೂತವರಿಗೆಲ್ಲ ಗೊತ್ತು. ಕೆಲಸ ನಡೆಯುತ್ತಿರುವಾಗ ಲಿಂಕು, ಕೆಲಸ ಮುಗಿದು ಸಹಿ ಬಿದ್ದಮೇಲೆ ಪ್ರತಿ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದದ್ದು ಯಂತ್ರ ತಾನಾಗಿ ಆರಿಸುವುದರ ಬಗ್ಗೆ. ಒನ್‌ಡ್ರೈವ್‌ನಲ್ಲಿರುವ ಫೈಲನ್ನು ಕಳಿಸಹೊರಟರೆ ಔಟ್‌ಲುಕ್ ಲಿಂಕು ಹಂಚುವ ದಾರಿ, ಪ್ರತಿಯಾಗಿ ಲಗತ್ತಿಸುವ ದಾರಿ ಎರಡನ್ನೂ ಕೊಡುತ್ತದೆ. ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಕೇಳುವುದು ಕಳಿಸುವವರನ್ನು. ಪಡೆಯುವವರಿಗೆ 'ನನಗೆ ಪ್ರತಿಯೇ ಬೇಕು' ಎಂದು ಹೇಳುವ ಗುಂಡಿ ಎಲ್ಲೂ ಇಲ್ಲ. ಜಿಮೇಲ್ 2018ರಲ್ಲಿ ತಂದ ಗೋಪ್ಯ ಪತ್ರದ ಸೌಲಭ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಡೀ ಪತ್ರಕ್ಕೇ ಅವಧಿ ಕಟ್ಟಿ, ಡೌನ್‌ಲೋಡ್ ಮಾಡದಂತೆ ತಡೆಯುತ್ತದೆ. ಇನ್ನು ಜಾಗದ ಲೆಕ್ಕ: ಪತ್ರ, ಡ್ರೈವ್, ಫೋಟೋ ಮೂರಕ್ಕೂ ಸೇರಿ 15 ಜಿಬಿ ಉಚಿತ, ಅದು ತುಂಬಿದರೆ ತಿಂಗಳ ಬಾಡಿಗೆ. ಪ್ರತಿಗಳನ್ನು ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಂಡವರಿಂದ ಯಾರಿಗೂ ಬಾಡಿಗೆ ಬರುವುದಿಲ್ಲ. 2009ರ ಗೆರೆ ಅಲುಗಾಡದಿರಲು ಇದೊಂದೇ ಕಾರಣ ಎಂದು ನಾನು ಹೇಳಲಾರೆ, ಕಾರಣಗಳಲ್ಲಿ ಇದು ಇಲ್ಲವೇ ಇಲ್ಲ ಎಂದು ನಂಬುವುದೂ ಕಷ್ಟ.

ಉದ್ಯೋಗ ಕೊಡುವವರು, ಮನೆ ಬಾಡಿಗೆಗೆ ಕೊಡುವವರು, ವಿಮೆ ಮಾರುವವರು ಸಣ್ಣ ಕಾಗದವನ್ನು ಲಿಂಕಾಗಿ ಕೊಟ್ಟರೆ, ಪ್ರತಿಯನ್ನೇ ಲಗತ್ತಿಸಿ ಕಳಿಸಿ ಎಂದು ಕೇಳುವುದಕ್ಕೆ ಸಂಕೋಚ ಪಡಬೇಕಾಗಿಲ್ಲ. ಕಳಿಸದಿದ್ದರೂ ದಾರಿ ಇದೆ. ಲಿಂಕಿನಿಂದ ಫೈಲನ್ನು ಅದೇ ದಿನ ಇಳಿಸಿಕೊಂಡು, ಅದನ್ನು ಅಟ್ಯಾಚ್ ಮಾಡಿ ಅವರಿಗೇ ಉತ್ತರ ಬರೆಯುವುದು: 'ನೀವು ಕಳಿಸಿದ ಲಿಂಕಿನಲ್ಲಿ ಇಂದು ನನಗೆ ಸಿಕ್ಕ ಕರಾರಿನ ಪ್ರತಿ ಇದರೊಂದಿಗಿದೆ. ನಾನು ಒಪ್ಪಿರುವುದು ಇದಕ್ಕೆ.' ಎರಡು ಸಾಲಿನ ಪತ್ರ, ಮುನ್ನೂರು ಕೆಬಿಯ ಪಿಡಿಎಫ್. ಆಮೇಲೆ ಅವರು ಲಿಂಕನ್ನು ಮುಚ್ಚಲಿ, ಆರನೇ ಷರತ್ತನ್ನು ತಿದ್ದಲಿ, ತಾರೀಕಿನ ಸಮೇತ ಅದೇ ಪ್ರತಿ ನಮ್ಮ ಪೆಟ್ಟಿಗೆಯಲ್ಲೂ ಇದೆ, ಅವರ ಪೆಟ್ಟಿಗೆಯಲ್ಲೂ ಇದೆ.